ಎದುರುಮನೆಯ ಕಾವು

ನವೆಂಬರ್ ಹನ್ನೊಂದರ ಬೆಳಗ್ಗೆ ಎದುರುಮನೆಯ ಚಿಕ್ಕತಾಯಮ್ಮ ನಲವತ್ತೆರಡು ತಟ್ಟೆ ರೇಷ್ಮೆಹುಳುಗಳನ್ನು ಒಂದೊಂದಾಗಿ ಹೊತ್ತು ತಂದು ಬೀದಿಯಂಚಿನ ಗುಂಡಿಗೆ ಸುರಿದು ಮೇಲೆ ಸುಣ್ಣ ಎರಚಿದಳು. ನಾನು ಜಗಲಿಯ ಮೇಲೆ ಕುಳಿತು ಎಣಿಸಿದೆ. ಬೇಕೆಂದು ಎಣಿಸಿದ್ದಲ್ಲ, ಕಣ್ಣಿಗೆ ಬಿದ್ದದ್ದನ್ನು ಎಣಿಸದೆ ಬಿಡುವುದು ನನಗೆ ಬರುವುದಿಲ್ಲ. ತಟ್ಟೆ ಕೊಡವುವಾಗ ಅವಳು ಒಮ್ಮೆಯೂ ನಮ್ಮ ಮನೆಯ ಕಡೆ ತಲೆಯೆತ್ತಲಿಲ್ಲ. ನಮ್ಮ ಊರಿನಲ್ಲಿ ಎದುರುಮನೆಯವರು ಹೀಗೆ ನೋಡದೆ ಹೋದರೆ ಅದಕ್ಕೆ ಒಂದೇ ಅರ್ಥ: ನಿಮ್ಮ ಮನೆಯಿಂದ ಕಾವು ಬರುತ್ತಿಲ್ಲ.

ನಮ್ಮಲ್ಲಿ ಒಂದು ಮನೆಯ ಕಾವು ಆ ಮನೆಯಲ್ಲಿ ನಿಲ್ಲುವುದಿಲ್ಲ. ಒಲೆಯ ಮೇಲಿನ ಅನ್ನ ಬೇಯುತ್ತದೆ, ಹಂಡೆಯ ನೀರು ಕಾಯುತ್ತದೆ. ಕೋಣೆಗೆ ಸೇರಬೇಕಾದ ಬಿಸಿ ಮಾತ್ರ ಬೀದಿ ದಾಟಿ ಎದುರುಮನೆಗೆ ಹೋಗುತ್ತದೆ. ಎರಡು ಮನೆಗಳನ್ನು ನಡುಬೀದಿಯಲ್ಲಿ ಪುಸ್ತಕದಂತೆ ಮಡಚಿದರೆ ನಮ್ಮ ಯಾವ ಮೂಲೆಯ ಮೇಲೆ ಅವರ ಯಾವ ಮೂಲೆ ಕೂರುತ್ತದೋ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಬಾಡಿಗೆಗೆ ಬರುವವರಿಗೆ ನಾವು ಮನೆಯನ್ನು ತೋರಿಸುವುದಿಲ್ಲ. ಎದುರುಮನೆಯ ಅಡುಗೆಮನೆಯನ್ನು ತೋರಿಸುತ್ತೇವೆ. ಬಾಣಂತಿಗೆಂದು ತವರಿನಿಂದ ಬರುವ ಸೌದೆಯ ಗಾಡಿ ಎದುರುಮನೆಯ ಮುಂದೆ ನಿಲ್ಲುತ್ತದೆ. ಬೇಕರಿಯ ಎದುರಿನ ಮನೆಗೆ ಚಳಿಗಾಲದಲ್ಲಿ ದುಪ್ಪಟ್ಟು ಬಾಡಿಗೆ. ಬೇಸಿಗೆ ಬಂದೊಡನೆ ಅಲ್ಲಿಯವರು ಒಳಗೆಲ್ಲ ಹಪ್ಪಳ ಹರವಿ, ಬೀಗ ಹಾಕಿಕೊಂಡು, ನೆಂಟರ ಮನೆಗೆ ಹೊರಡುತ್ತಾರೆ. ಕೆಳಗಿನ ಬೀದಿಯ ಇಬ್ಬರು ಷಡ್ಡಕರು ಜಗಳವಾಡಿ, ಒಬ್ಬರ ಕಾವು ಇನ್ನೊಬ್ಬರಿಗೆ ಸಿಗಬಾರದೆಂದು ಒಂದು ಚಳಿಗಾಲವಿಡೀ ಹಿತ್ತಿಲ ಬಯಲಿನಲ್ಲಿ ಅಡುಗೆ ಮಾಡಿದರು. ಇಬ್ಬರ ಮನೆಯವರೂ ನಡುಗಿದರು. ಮಾರ್ಚ್ ತಿಂಗಳಲ್ಲಿ ರಾಜಿಯಾಯಿತು. ಆಗ ಯಾರಿಗೂ ಕಾವು ಬೇಕಾಗಿರಲಿಲ್ಲ.

ನಾನು ಸಹಕಾರ ಸಂಘದಲ್ಲಿ ಮೂವತ್ತೊಂದು ವರ್ಷ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು. ನನ್ನ ಹೆಂಡತಿ ಮನೆಯ ಹಿಂದಿನ ಕೋಣೆಯಲ್ಲಿ ಭಟ್ಟಿ ಇಟ್ಟು ಕಡಲೆ ಹುರಿದು ಅಂಗಡಿಗಳಿಗೆ ಕೊಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಆ ಭಟ್ಟಿಯ ಆದಾಯ ವೆಚ್ಚಗಳನ್ನು ನೋಡಿದೆ. ಆಳಿನ ಕೂಲಿ ಸೇರಿಸಿದರೆ ಏನೂ ಉಳಿಯುತ್ತಿರಲಿಲ್ಲ. ಭಟ್ಟಿ ಒಡೆಸಿ, ನೆಲ ಸಮ ಮಾಡಿಸಿ, ಅಲ್ಲಿ ನನ್ನ ಮಂಚ ಹಾಕಿಸಿಕೊಂಡೆ. ಇದು ನಡೆದು ಎರಡು ವರ್ಷ. ಬೀದಿಯನ್ನು ಮಡಚಿದರೆ ಆ ಕೋಣೆಯ ಮೇಲೆ ಕೂರುವುದು ಚಿಕ್ಕತಾಯಮ್ಮನ ಹುಳುಮನೆ.

ಅವಳ ಕಸುಬು ಚಾಕಿ. ರೇಷ್ಮೆ ಬೆಳೆಯುವ ರೈತರಿಗಾಗಿ ಮೊಟ್ಟೆಯೊಡೆದ ಮರಿಹುಳುಗಳನ್ನು ಎರಡನೆಯ ಜ್ವರದವರೆಗೆ ಸಾಕಿಕೊಡುವುದು. ಎಲ್ಲ ಸೇರಿ ಹತ್ತು ದಿನದ ಕೆಲಸ. ಪೊರೆ ಬಿಡುವ ಮೊದಲು ಹುಳು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಬೆಚ್ಚಗಿದ್ದರೆ ಎಲ್ಲ ಹುಳುಗಳೂ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಏಳುತ್ತವೆ. ಚಳಿಯಾದರೆ ಒಂದು ಏಳುವಾಗ ಇನ್ನೊಂದು ಕೂರುತ್ತದೆ, ಮತ್ತೊಂದು ಸಾಯುತ್ತದೆ. ಭಟ್ಟಿ ಆರಿದ ಮೇಲೆ ಬೇಸಿಗೆಯ ಚಾಕಿಗಳು ಹೇಗೋ ದಾಟಿಕೊಂಡವು, ಚಳಿಗಾಲದವು ಸೋತವು. ತನ್ನ ಮನೆಯಲ್ಲಿ ಅವಳು ಎಷ್ಟು ಕೆಂಡ ಹಾಕಿದರೂ ಅದು ಅವಳ ಹುಳುಗಳಿಗೆ ಸಿಗುವುದಿಲ್ಲ. ಇದೆಲ್ಲ ನನಗೆ ಗೊತ್ತಿರಲಿಲ್ಲವೆಂದಲ್ಲ. ಭಟ್ಟಿಯ ಲೆಕ್ಕದಲ್ಲಿ ಎದುರುಮನೆಗೆ ಒಂದು ಸಾಲು ಇಟ್ಟಿರಲಿಲ್ಲ, ಅಷ್ಟೆ.

ಅದೇ ವಾರ ನನ್ನ ಸೊಸೆ ವಾರಿಜ ಮನೆಗೆ ಎರಡು ಯಂತ್ರಗಳನ್ನು ತರಿಸಿದಳು. ನನ್ನ ಮಗ ಲಾರಿಯ ಮೇಲೆ ಹೊರಟರೆ ತಿಂಗಳಿಗೊಮ್ಮೆ ಬರುವವನು. ಮನೆಯ ಮುಂದಿನ ಕೋಣೆಯಲ್ಲಿ ವಾರಿಜ ಮೊಬೈಲ್ ರಿಪೇರಿ ಮಾಡುತ್ತಾಳೆ. ಅವಳ ಕೈಯಲ್ಲಿ ನಲವತ್ತು ಸಾವಿರ ರೂಪಾಯಿ ಕೂಡಿತ್ತು. ತಾನು ಕೂತರೂ ಎದ್ದರೂ ದುಡಿಯುವ ಒಂದು ವಸ್ತು ಮನೆಯಲ್ಲಿರಬೇಕೆಂದು ಅವಳ ಆಸೆ. ಯಂತ್ರಗಳನ್ನು ಗೂಡ್ಸ್ ಆಟೊದಲ್ಲಿ ತಂದವನು ಖಲಂದರ್, ಹಳೆಯ ಕಂಪ್ಯೂಟರ್ ಸಾಮಾನಿನ ವ್ಯಾಪಾರಿ. ಒಂದು ತಿಂಗಳು ಇಟ್ಟುಕೊಂಡು ನೋಡಿ, ಬೇಕಾದದ್ದನ್ನು ಉಳಿಸಿಕೊಂಡು ಬೇಡವಾದದ್ದನ್ನು ಮರಳಿಸುವ ಕರಾರು.

ಒಂದು ಯಂತ್ರ ಅಂಗೈಯಗಲದ್ದು. ಅದರ ಮೇಲೆ ಉಗುರಿನಷ್ಟು ಪರದೆ, ಬೆನ್ನಿಗೆ ಬಟ್ಟಲಿನಷ್ಟು ಫ್ಯಾನು. ಇನ್ನೊಂದು, ದೊಡ್ಡ ಕಾರ್ಖಾನೆಗಳಲ್ಲಿ ಸಾಲುಸಾಲಾಗಿ ಜೋಡಿಸುವಂಥದ್ದು, ಯಾರೋ ಬಳಸಿ ಬಿಟ್ಟದ್ದು: ಹದಿನಾರು ಕಿಲೋ ತೂಕದ ಲೋಹದ ಪೆಟ್ಟಿಗೆ, ಎರಡು ತುದಿಗೂ ಜೋಡಿ ಫ್ಯಾನುಗಳು. ಅದಕ್ಕಾಗಿ ಮೀಟರಿನಿಂದ ಬೇರೆಯೇ ದಪ್ಪ ತಂತಿ ಎಳೆಸಬೇಕಾಯಿತು.

"ಇವು ಏನು ಮಾಡುತ್ತವೆ?" ಎಂದು ಕೇಳಿದೆ.

"ನೀವು ಮಾಡೋದನ್ನೇ ಯಜಮಾನ್ರೇ. ಲೆಕ್ಕ," ಎಂದ ಖಲಂದರ್. "ಒಂದು ಸಂಖ್ಯೆ ಹುಡುಕ್ತಾವೆ. ಸಿಕ್ಕರೆ ಕ್ರಿಪ್ಟೊ ನಾಣ್ಯ. ಒಂಟಿಯಾಗಿ ಹುಡುಕಿದ್ರೆ ಯಾವ ಕಾಲಕ್ಕೆ ಸಿಗುತ್ತೋ, ಅದಕ್ಕೆ ಲೋಕದ ಮಿಷಿನ್ನೆಲ್ಲ ಗುಂಪು ಕಟ್ಕೊಂಡು ಹುಡುಕಿ, ಸಿಕ್ಕಿದ್ದನ್ನ ದುಡಿಮೆಗೆ ತಕ್ಕಹಾಗೆ ಹಂಚ್ಕೋತಾವೆ."

"ಹೇಗೆ ಹುಡುಕುತ್ತವೆ?"

"ಊಹೆ ಮಾಡ್ತಾವೆ. ಇದಾ? ಅಲ್ಲ. ಇದಾ? ಅಲ್ಲ. ಇದಾ? ಅಲ್ಲ."

"ಊಹೆಗೆ ಲೆಕ್ಕ ಎನ್ನುವುದಿಲ್ಲ."

"ದುಡ್ಡು ಬಂದ್ಮೇಲೆ ಏನು ಬೇಕಾದ್ರೂ ಅನ್ನಿ," ಎಂದು ನಕ್ಕು ಅವನು ದೊಡ್ಡದರ ಗುಂಡಿ ಒತ್ತಿದ.

ಹಿಟ್ಟಿನ ಗಿರಣಿಯನ್ನು ಮನೆಯೊಳಗೆ ಎತ್ತಿ ತಂದಂತಾಯಿತು. ಕಿಟಕಿಯ ಗಾಜುಗಳು ಅದುರಿದವು. ಖಲಂದರ್ ಅದರ ಬೆನ್ನಿಗೆ ಕೈಯೊಡ್ಡಿ, ತೆಗೆದು, ಮತ್ತೆ ಒಡ್ಡಿದ. ಅವನು ಪರಸ್ಥಳದವನು. "ಇದೇನ್ ಯಜಮಾನ್ರೇ, ಬೆಂಕಿ ಬೆಂಕಿ ಗಾಳಿ ಬರಬೇಕು ಇಲ್ಲಿಂದ! ತಣ್ಣಗೆ ಬೀಸ್ತಿದೆಯಲ್ಲ!"

"ನಮ್ಮ ಊರಿನಲ್ಲಿ ಹಾಗೆಯೇ," ಎಂದೆ. ಅವನಿಗೆ ವಿವರಿಸುವ ವ್ಯವಧಾನ ನನಗಿರಲಿಲ್ಲ.

"ಮಾವ, ಎರಡರಲ್ಲಿ ಯಾವುದು ಅಂತ ನೀವೇ ಲೆಕ್ಕ ಹಾಕಿ ಹೇಳಿ," ಎಂದು ವಾರಿಜ ಆ ಸದ್ದಿನ ಮೇಲೆ ಕೂಗಿದಳು. "ಆಮೇಲೆ ನನ್ನ ಬೈಯೋ ಹಾಗಿಲ್ಲ!"

ಎರಡು ಯಂತ್ರಗಳೂ ಮುಂದಿನ ಕೋಣೆಯಲ್ಲಿ ಮೂರು ದಿನ ಓಡಿದವು. ಚಿಕ್ಕದನ್ನು ಮರೆತೇಬಿಡಬಹುದಾಗಿತ್ತು, ವಾರಿಜಳ ಬೆಸುಗೆಯ ಕಡ್ಡಿಗಿಂತ ಅದು ಕಡಿಮೆ ಕರೆಂಟು ಕುಡಿಯುತ್ತಿತ್ತು. ದೊಡ್ಡದು ಒಂದು ಕ್ಷಣ ಬಿಡದೆ ಬೊಬ್ಬಿರಿಯುತ್ತಿತ್ತು. ನನಗೆ ಕೂರಲಾಗಲಿಲ್ಲ, ಓದಲಾಗಲಿಲ್ಲ, ಉಂಡದ್ದು ಮೈಗೆ ಹತ್ತಲಿಲ್ಲ. ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಜಗಲಿಗೆ ನಡೆದೆ. ನಡೆಯುತ್ತಲೇ ಲೆಕ್ಕ ಮುಗಿಸಿದೆ. ದೊಡ್ಡದಕ್ಕೆ ದಿನಕ್ಕೆ ಐನೂರ ಮೂವತ್ತೇಳು ರೂಪಾಯಿ ಅರವತ್ತು ಪೈಸೆಯ ಕರೆಂಟು. ಗಳಿಕೆ ನಾನೂರ ಇಪ್ಪತ್ತು ರೂಪಾಯಿ. ನಷ್ಟ ನೂರ ಹದಿನೇಳು ರೂಪಾಯಿ ಅರವತ್ತು ಪೈಸೆ. ಚಿಕ್ಕದಕ್ಕೆ ಎರಡು ರೂಪಾಯಿ ಐವತ್ತೆರಡು ಪೈಸೆಯ ಕರೆಂಟು. ಗಳಿಕೆ ನಾಲ್ಕು ರೂಪಾಯಿ ಇಪ್ಪತ್ತು ಪೈಸೆ. ಲಾಭ ಒಂದು ರೂಪಾಯಿ ಅರವತ್ತೆಂಟು ಪೈಸೆ. ಅದರ ಬೆಲೆ ಒಂಬತ್ತು ಸಾವಿರದ ಇನ್ನೂರು. ಹಾಕಿದ ಹಣ ಹದಿನೈದು ವರ್ಷಕ್ಕೆ ಹಿಂದಿರುಗುತ್ತದೆ, ಯಂತ್ರ ಅಲ್ಲಿಯವರೆಗೆ ಉಳಿದರೆ.

"ದೊಡ್ಡದು ಓಡಿದಷ್ಟೂ ಕಳೆಯುತ್ತದೆ. ಚಿಕ್ಕದು ಕಳೆಯುವುದಿಲ್ಲ, ಆದರೆ ಬದುಕಿನಲ್ಲಿ ಏನನ್ನೂ ಬದಲಾಯಿಸುವುದಿಲ್ಲ. ಎರಡನ್ನೂ ಮರಳಿಸು. ಹಟವಿದ್ದರೆ ಚಿಕ್ಕದನ್ನು ಇಟ್ಟುಕೋ," ಎಂದು ತೀರ್ಪು ಕೊಟ್ಟೆ.

"ಹದಿನೈದು ವರ್ಷ ತಾನೆ? ನನಗೆ ಇಪ್ಪತ್ತೊಂಬತ್ತು ಮಾವ. ನಾನು ಕಾಯ್ತೀನಿ," ಎಂದಳು. ಆಮೇಲೆ ನನ್ನ ಎಪ್ಪತ್ಮೂರು ವರ್ಷ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಆ ಮಾತು ಮುಗಿಯುವ ಮೊದಲೇ ಚಿಕ್ಕತಾಯಮ್ಮ ಒಳಗೆ ಬಂದಳು. ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದವಳು, ಆ ಸಲುಗೆಯಿಂದ ನನ್ನನ್ನು ಭಾವ ಎನ್ನುವವಳು. ಅಕ್ಕನ ಹನ್ನೊಂದನೆಯ ದಿನದ ಊಟದ ನಂತರ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಕಂಕುಳಲ್ಲಿದ್ದ ಬುಟ್ಟಿಯನ್ನು ತಂದು ಯಂತ್ರದ ಮುಂದೆ ಬೋರಲು ಹಾಕಿದಳು. ಹಿಪ್ಪುನೇರಳೆ ಸೊಪ್ಪು, ಬಿಸಿನೀರಿನಲ್ಲಿ ಅದ್ದಿ ತೆಗೆದಂತೆ ಬಾಡಿತ್ತು.

"ಯಾರ ಮನೆ ಸೊಪ್ಪು ಬೇಯಿಸ್ತಿದ್ದೀರಿ ಭಾವ? ಗುಂಡಿಗೆ ಸುರಿದು ಹದಿನೆಂಟು ತಟ್ಟೆ ಉಳಿದಿದ್ವು. ಅವಕ್ಕೂ ಊಟ ಇಲ್ಲದ ಹಾಗೆ ಮಾಡಿದ್ರಲ್ಲ!"

ನಮ್ಮ ಮುಂದಿನ ಕೋಣೆಯ ಎದುರಿಗೆ ಅವಳು ಸೊಪ್ಪನ್ನು ತಣ್ಣಗೆ ಇಡುವ ಕೋಣೆಯಿದೆ. ವಾರಿಜ ಮದುವೆಯಾಗಿ ಬಂದು ಮೂರೇ ವರ್ಷ, ಅವಳಿಗೆ ಇದು ಹೊಳೆದಿರಲಿಲ್ಲ. ಯಂತ್ರ ಎಲ್ಲಿಡಬೇಕೆಂದು ಅವಳು ನನ್ನನ್ನು ಕೇಳಿದ್ದಳು. ಪ್ಲಗ್ ಎಲ್ಲಿದೆಯೋ ಅಲ್ಲಿಡು ಎಂದಿದ್ದೆ. ವಾರಿಜ ಓಡಿಹೋಗಿ ದೊಡ್ಡದನ್ನು ಆರಿಸಿದಳು. ಮೂರು ದಿನದ ಮೇಲೆ ಮನೆಯಲ್ಲಿ ನಮ್ಮ ಉಸಿರು ನಮಗೆ ಕೇಳಿಸಿತು.

ಚಿಕ್ಕತಾಯಮ್ಮನ ಸಿಟ್ಟು ಸ್ವಲ್ಪ ಇಳಿಯಿತು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. "ಇದೇನಾ? ಇಷ್ಟೇ ಇಷ್ಟಿದೆ. ಸೊಪ್ಪಿನ ಕೋಣೆ ಬಾಗಿಲು ತೆಗೆದ್ರೆ ಮುಖಕ್ಕೆ ರಾಚ್ತಿತ್ತು ಭಾವ, ಅಕ್ಕನ ಭಟ್ಟಿ ಥರ." ಆಮೇಲೆ, "ಇದನ್ನ ಹಿಂದಿನ ಕೋಣೆಲಿ ಇಟ್ರೆ ಆಗಲ್ವಾ?" ಎಂದು ಕೇಳಿದಳು.

"ಅದು ನನ್ನ ಮಲಗುವ ಕೋಣೆ."

"ಗೊತ್ತು."

"ಅಲ್ಲದೆ ಇದು ಇಲ್ಲಿ ಉಳಿಯುವುದಿಲ್ಲ. ದಿನಕ್ಕೆ ನೂರ ಹದಿನೇಳು ರೂಪಾಯಿ ಅರವತ್ತು ಪೈಸೆ ನಷ್ಟ."

"ಗುರುವಾರ ಮೊಟ್ಟೆ ಬರ್ತವೆ," ಎಂದಳು ಅವಳು, ನಾನು ಹೇಳಿದ್ದು ಕೇಳಿಸಲಿಲ್ಲವೆಂಬಂತೆ. "ಇಪ್ಪತ್ತಾರು ಮಂದಿ ರೈತರದು. ಇದೊಂದು ಸಲ ನೋಡ್ತೀವಿ ಚಿಕ್ಕತಾಯಮ್ಮ, ಆಮೇಲೆ ಬೇರೆ ಕಡೆ ಕೊಡ್ತೀವಿ ಅಂತ ಮುಖದ ಮೇಲೇ ಹೇಳಿದಾರೆ. ಈ ಚಾಕಿ ಹೋದ್ರೆ ನಾನು ತಟ್ಟೆ ಎಲ್ಲ ಮಾರಿ, ಬಾಗಿಲು ಹಾಕಿ, ತಂಗಿ ಊರಿಗೆ ಹೋಗ್ತೀನಿ. ಅಲ್ಲಿ ಯಾರ ಮನೆ ಕಾವು ಅವರಿಗೇ ಇರುತ್ತಂತೆ."

"ನಷ್ಟವೆಂದು ತಿಳಿದ ಮೇಲೆ ನಾನು ಅದಕ್ಕೆ ಒಪ್ಪಿಗೆ ಕೊಡುವುದಿಲ್ಲ. ಸಂಘದಲ್ಲಿಯೂ ಕೊಟ್ಟವನಲ್ಲ."

"ನಿಮ್ ಲೆಕ್ಕದಾಗೆ ನಮ್ಮನೆ ಎಲ್ಲೂ ಬರಲ್ವಾ ಭಾವ?"

"ನಿಮ್ಮ ಮನೆಗೆ ಹೋದದ್ದು ನನಗೆ ವೆಚ್ಚವೇ ಹೊರತು ಆದಾಯವಲ್ಲ."

"ಸರಿ. ನಮ್ಮನೆಯಿಂದ ಬಂದದ್ದು?" ಎಂದಳು. "ಹುಳುಗೆ ತೇವ ಬೇಕು ಅಂತ ಚಾಕಿಯ ಹತ್ತೂ ದಿನ ಹುಳುಮನೆಲೇ ಮೂರು ಒಲೆ ಮೇಲೆ ನೀರು ಕುದಿಸ್ತೀನಿ. ಆ ಹಬೆ ನನ್ನ ಹುಳುಗೆ. ಅದರ ಕಾವು ಎಲ್ಲಿಗೆ ಬರುತ್ತೆ? ಎಲ್ಲಿ ಮಂಚ ಹಾಕ್ಕೊಂಡಿದ್ದೀರಿ ನೀವು?"

ಅವಳು ಬಾಡಿದ ಸೊಪ್ಪನ್ನು ಬುಟ್ಟಿಗೆ ಮತ್ತೆ ಬಳಿದುಕೊಂಡು ಹೋದಳು. ವಾರಿಜ ನನ್ನ ಕಡೆ ನೋಡದೆ, ಬಿಚ್ಚಿಟ್ಟ ಒಂದು ಮೊಬೈಲಿನ ತಿರುಪುಗಳನ್ನು ಹೆಕ್ಕತೊಡಗಿದಳು.

ನಾನು ಹಿಂದಿನ ಕೋಣೆಗೆ ಹೋಗಿ ನಿಂತೆ. ಹೊರಗೆ ನವೆಂಬರಿನ ಮಂಜು ಇನ್ನೂ ಹರಿದಿರಲಿಲ್ಲ. ಕೋಣೆ ಬೆಚ್ಚಗಿತ್ತು. ಗೋಡೆ ಮುಟ್ಟಿದೆ, ಮಂಚದ ಕಾಲು ಮುಟ್ಟಿದೆ, ನೆಲಕ್ಕೆ ಬಾಗಿ ಅಂಗೈಯಿಟ್ಟೆ. ಭಟ್ಟಿಯನ್ನು ಕಿತ್ತ ಜಾಗದಲ್ಲಿ ನೆಲ ಹಾಲಿನ ಪಾತ್ರೆಯ ತಳದಂತೆ ಹದವಾಗಿ ಬಿಸಿಯಿತ್ತು. ಉಳಿದ ಹದಿನೆಂಟು ತಟ್ಟೆಗಳಿಗಾಗಿ ಅವಳು ನೀರು ಕುದಿಸುತ್ತಿದ್ದಳು. ಎರಡು ಚಳಿಗಾಲ ನಾನು ಹೊಸ ಕಂಬಳಿ ಕೊಂಡಿರಲಿಲ್ಲ. ಕಂಬಳಿಯ ಹಣ ಉಳಿಯಿತೆಂದು ಮಾತ್ರ ತಿಳಿದಿದ್ದೆ. ಅದು ಎಲ್ಲಿಂದ ಉಳಿಯಿತೆಂದು ಕೇಳಿಕೊಂಡಿರಲಿಲ್ಲ. ಬೇರೆಯವರ ಲೆಕ್ಕದಲ್ಲಿ ಇಂಥದನ್ನು ಕಂಡಿದ್ದರೆ ಕೆಂಪು ಶಾಯಿಯಿಂದ ಗೆರೆ ಎಳೆದು, ಬರೆದವನನ್ನು ಕರೆಸಿ ನಿಲ್ಲಿಸುತ್ತಿದ್ದೆ.

ಬುಧವಾರ ಮಂಚವನ್ನು ನಡುಮನೆಗೆ ತಳ್ಳಿಸಿದೆ. ದಪ್ಪ ತಂತಿಯನ್ನು ಹಿಂದಿನ ಕೋಣೆಯವರೆಗೆ ಎಳೆಸಿದೆ. ವಾರಿಜ ಯಂತ್ರವನ್ನು ಹೊತ್ತು ತಂದು ನಡುನೆಲದಲ್ಲಿ ಇಟ್ಟಳು. "ಈ ಚಾಕಿಗೆ ಮಾತ್ರ," ಎಂದೆ.

"ನಾನೇನೂ ಕೇಳಲಿಲ್ವಲ್ಲ ಮಾವ," ಎಂದಳು.

ಮೊಟ್ಟೆ ಬಂದವು, ಒಡೆದವು. ಹೊಸ ಹುಳು ಇರುವೆಗಿಂತ ಸಣ್ಣದು, ಕಪ್ಪು ನೂಲಿನ ಚೂರು. ಚಿಕ್ಕತಾಯಮ್ಮ ಸೊಪ್ಪನ್ನು ಎಳ್ಳಿನಷ್ಟು ಸಣ್ಣಗೆ ಹೆಚ್ಚಿ ಅವುಗಳ ಮೇಲೆ ಉದುರಿಸಿದಳು. ಅವುಗಳಿಗೆ ಇಪ್ಪತ್ತೇಳು ಡಿಗ್ರಿ ಬೇಕು, ಇಪ್ಪತ್ತೆಂಟು ಆದರೂ ಅಡ್ಡಿಯಿಲ್ಲ, ಅದರ ಆಚೆಗೆ ಹೋಗಬಾರದು. ದೊಡ್ಡ ಯಂತ್ರಕ್ಕೆ ಅರ್ಧ ಎಂಬುದು ತಿಳಿಯದು. ಓಡಿದರೆ ಪೂರ್ತಿ ಓಡುತ್ತದೆ, ನಿಂತರೆ ಪೂರ್ತಿ ನಿಲ್ಲುತ್ತದೆ. ಬಿಸಿಲೇರಿದಾಗ ಆರಿಸಬೇಕು, ಇಳಿದಾಗ ಹಚ್ಚಬೇಕು. ಸ್ವಿಚ್ಚಿನ ಬಳಿ ಯಾರಾದರೂ ಇರಬೇಕಿತ್ತು. ವಾರಿಜಳಿಗೆ ಗಿರಾಕಿಗಳಿದ್ದರು, ನನಗೆ ಯಾರೂ ಇರಲಿಲ್ಲ.

ಹೀಗೆ ನಮ್ಮ ಎರಡು ಮನೆಗಳ ನಡುವೆ 'ಇದೆ', 'ಇಲ್ಲ' ಎಂಬುದಕ್ಕಿಂತ ಹೆಚ್ಚು ಮಾತು ಎರಡು ವರ್ಷದ ಮೇಲೆ ಶುರುವಾಯಿತು. ಮಾತೆಂದರೆ ಕೂಗು.

"ಭಾವಾ! ಇಪ್ಪತ್ತೆಂಟೂವರೆ!"

"ಆರಿಸಿದೆ!"

"ಭಾವಾ, ಇಪ್ಪತ್ತಾರಕ್ಕೆ ಬಂತು! ಎಲ್ಲಿ ಹೋದ್ರಿ?"

"ಊಟಕ್ಕೆ ಕೂತಿದ್ದೆ!"

"ಹುಳುನೂ ಊಟಕ್ಕೇ ಕೂತಿವೆ, ಹಚ್ಚಿ!"

ಬೀದಿಯಲ್ಲಿ ಹೋಗುವವರು ನಿಂತು ಕೇಳಿಸಿಕೊಂಡು ನಗುತ್ತಿದ್ದರು. ಹಾಲಿನವನು ಒಮ್ಮೆ, "ಇವತ್ತು ಹರಾಜು ಎಷ್ಟಕ್ಕೆ ನಿಂತಿದೆ ಯಜಮಾನ್ರೇ?" ಎಂದು ಕೇಳಿದ. ನಡುಮನೆಯಲ್ಲಿ ನನಗೆ ಚಳಿ ಹಿಡಿಯಿತು. ಯಂತ್ರದ ಬೊಬ್ಬೆ ಬಾಗಿಲು ಮುಚ್ಚಿದರೂ ಬರುತ್ತಿತ್ತು. ಕುಳಿತಲ್ಲಿ ಕುಳಿತಿರಲು ಆಗದೆ, ಕರೆಯದಿದ್ದರೂ ಎದ್ದು ಬಾಗಿಲಿಗೆ ಹೋಗಿ ಎದುರುಮನೆಯ ಕಡೆ ನೋಡುತ್ತಿದ್ದೆ. ಮೊದಲನೆಯ ಜ್ವರಕ್ಕೆ ಕೂತದ್ದನ್ನು ಅವಳು ಕೂಗಿ ಹೇಳಲಿಲ್ಲ. ಆ ಹೊತ್ತಿನಲ್ಲಿ ಸದ್ದಾಗಬಾರದೆಂದು ಬಾಗಿಲಿಗೆ ಬಂದು ಬೆರಳು ತುಟಿಗಿಟ್ಟು, ತಟ್ಟೆಗಳಿಗೆ ಉದುರಿಸಿದ ಸುಣ್ಣದ ಧೂಳು ತನ್ನ ತಲೆಯ ಮೇಲೂ ಹಾಗೇ ಇದ್ದಂತೆ, ಕೈಸನ್ನೆಯಿಂದ ಒಂದು ಡಿಗ್ರಿ ಇಳಿಸಲು ತಿಳಿಸಿದಳು. ನಾನು ಆರಿಸಿದೆ. ಮರುದಿನ ಎಲ್ಲವೂ ಒಟ್ಟಿಗೆ ಎದ್ದವು.

ಆರನೆಯ ದಿನ ವಾರಿಜ ತನ್ನ ಮೊಬೈಲು ಹಿಡಿದುಕೊಂಡು ಹಿಂದಿನ ಕೋಣೆಗೆ ಬಂದಳು. ಅವಳ ಮುಖ ಇಳಿದಿತ್ತು. "ಮಾವ, ನಾಣ್ಯದ ಬೆಲೆ ಬಿದ್ದಿದೆ. ಗಳಿಕೆ ದಿನಕ್ಕೆ ಮುನ್ನೂರ ಐವತ್ತಕ್ಕೆ ಇಳೀತು. ಇನ್ನೂ ಇಳಿಯುತ್ತಂತೆ."

"ಹಾಗಾದರೆ ನಷ್ಟ ನೂರ ಎಂಬತ್ತೇಳು ರೂಪಾಯಿ ಅರವತ್ತು ಪೈಸೆ," ಎಂದೆ.

"ಇವತ್ತೇ ಆರಿಸಿಬಿಡೋಣ. ಖಲಂದರ್‌ಗೆ ಹೇಳ್ತೀನಿ, ಬಂದು ತಗೊಂಡು ಹೋಗ್ಲಿ."

"ಎರಡನೆಯ ಜ್ವರ ಆಗಿಲ್ಲ."

"ನೀವೇ ಹೇಳಿದ್ರಲ್ಲ, ಓಡಿದಷ್ಟೂ ಕಳೆಯುತ್ತೆ ಅಂತ. ಆಗ ನಾನು ಬೇಕು ಅಂದ್ರೆ ನೀವು ಬೇಡ ಅಂದ್ರಿ. ಈಗ ನಾನು ಬೇಡ ಅಂದ್ರೆ ನೀವು ಬೇಕು ಅಂತೀರಿ. ಎರಡು ವರ್ಷ ಬಾಗಿ ಬಾಗಿ ಸ್ಕ್ರೀನ್ ಅಂಟಿಸಿ ಕೂಡಿಸಿದ ದುಡ್ಡು ಮಾವ ಅದು. ನನ್ನ ಕುತ್ತಿಗೆ ನೋಡಿದ್ದೀರಾ, ಎಡಕ್ಕೆ ತಿರುಗಲ್ಲ." ಅವಳ ಕೈ ಸ್ವಿಚ್ಚಿನ ಮೇಲಿತ್ತು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳ ಲೆಕ್ಕವೇ ನನ್ನ ಲೆಕ್ಕವಾಗಿತ್ತು, ನಾನೇ ಕಲಿಸಿದ್ದು. ಕಡೆಗೆ, "ಕರೆಂಟಿನ ಬಿಲ್ಲು ನನ್ನ ಹೆಸರಿನಲ್ಲಿ ಬರುತ್ತದೆ. ಗಳಿಕೆ ಅದಕ್ಕೆ ಹೋಗಲಿ, ಕಡಿಮೆ ಬಿದ್ದದ್ದು ನನ್ನದು. ನಿನಗೆ ಒಂದು ಪೈಸೆಯೂ ನಷ್ಟವಿಲ್ಲ," ಎಂದೆ.

"ನಿಮ್ಮ ಪಿಂಚಣಿಯಿಂದಾ?"

"ನನ್ನ ಪಿಂಚಣಿಯಿಂದ."

ಅವಳು ಸ್ವಿಚ್ಚಿನಿಂದ ಕೈ ತೆಗೆದಳು. "ಹೋದ ತಿಂಗಳು ಬೆಂಕಿಪೊಟ್ಟಣ ಎರಡು ತಂದೆ ಅಂತ ನನ್ನ ಅರ್ಧ ಗಂಟೆ ಕೇಳಿದ್ರಿ," ಎಂದಳು. ಆಮೇಲೆ ಒಳಗೆ ಹೋಗಿ, ನನ್ನ ಕುರ್ಚಿಯನ್ನು ಎತ್ತಿಕೊಂಡು ಬಂದು ಸ್ವಿಚ್ಚಿನ ಪಕ್ಕದಲ್ಲಿ ಇಟ್ಟಳು. ಕಿವಿಗೆ ಇಟ್ಟುಕೊಳ್ಳಲು ಹತ್ತಿಯನ್ನೂ ಕೊಟ್ಟಳು.

ಎರಡನೆಯ ಜ್ವರಕ್ಕೆ ಹುಳುಗಳು ಒಂಬತ್ತನೆಯ ದಿನ ಮಧ್ಯಾಹ್ನ ಕೂತವು. ಅಂದು ಬಿಸಿಲಿಲ್ಲ, ಮೋಡ ಕವಿದಿತ್ತು. ನಾನು ಮೊದಲ ಬಾರಿಗೆ ಬೀದಿ ದಾಟಿ ಅವಳ ಹುಳುಮನೆಯ ಬಾಗಿಲಲ್ಲಿ ನಿಂತೆ. ಸ್ವಿಚ್ಚನ್ನು ವಾರಿಜ ನೋಡಿಕೊಳ್ಳುತ್ತಿದ್ದಳು. ಒಳಗೆ ನನ್ನ ಹೆಂಡತಿಯ ಕೋಣೆಯಿಂದ ಬಂದ ಸೆಕೆ ಇತ್ತು. ಅಟ್ಟಣಿಗೆಯ ಮೇಲೆ ಅರವತ್ತು ತಟ್ಟೆಗಳು, ಒಂದೊಂದರಲ್ಲಿ ಸಾವಿರಾರು ಹುಳುಗಳು, ಎಲ್ಲವೂ ತಲೆ ಎತ್ತಿಕೊಂಡು, ಕರೆ ಕೇಳಿಸಿಕೊಂಡವರಂತೆ ನಿಶ್ಚಲವಾಗಿದ್ದವು. ಅವುಗಳನ್ನು ಎಣಿಸಲು ಹೋಗಲಿಲ್ಲ.

"ಒಂದೂ ಹಿಂದೆ ಬಿದ್ದಿಲ್ಲ ಭಾವ," ಎಂದು ಚಿಕ್ಕತಾಯಮ್ಮ ಪಿಸುಗುಟ್ಟಿದಳು. "ಇಲ್ಲಿ ನೋಡಿ. ಇಲ್ಲೂ ನೋಡಿ." ಪ್ರತಿಯೊಂದು ತಟ್ಟೆಯನ್ನೂ ತೋರಿಸಿದಳು. ನಾನು ಪ್ರತಿಯೊಂದನ್ನೂ ನೋಡಿದೆ.

ಮರುದಿನ ಬೆಳಗ್ಗೆ ರೈತರು ಬಂದು ತಮ್ಮ ತಮ್ಮ ಹುಳುಗಳನ್ನು ಕಾಗದದಲ್ಲಿ ಸುತ್ತಿ, ಬುಟ್ಟಿಗಳಲ್ಲಿಟ್ಟು, ಸೈಕಲ್ಲು ಸ್ಕೂಟರುಗಳ ಮೇಲೆ ಒಯ್ದರು. ಅವರಲ್ಲಿ ಹತ್ತೊಂಬತ್ತು ಮಂದಿ ಮುಂದಿನ ಚಾಕಿಗೂ ಹೇಳಿಹೋದರು. ಉಳಿದವರು ನೋಡೋಣ ಎಂದರು. ನಾನು ಯಂತ್ರವನ್ನು ಆರಿಸಿ, ಕಿವಿಯ ಹತ್ತಿ ತೆಗೆದು, ಮುಖ ತೊಳೆದುಕೊಳ್ಳುವ ಹೊತ್ತಿಗೆ ಚಿಕ್ಕತಾಯಮ್ಮ ಬಂದಳು. ಅವಳ ಹಿಂದೆಯೇ ಖಲಂದರ್ ಕೂಡ ಯಾವುದನ್ನು ಹೊತ್ತೊಯ್ಯಬೇಕೆಂದು ಕೇಳಲು ಬಂದಿದ್ದ.

ಅವಳು ಹಣದ ಕಟ್ಟನ್ನು ನನ್ನ ಮುಂದೆ ಇಟ್ಟಳು. "ಸಾವಿರದ ಮುನ್ನೂರ ನಲವತ್ತು. ಆರಿಸಿದ ಗಂಟೆ ಕಳೆದು ನಿಮ್ಮ ನಷ್ಟ ಅಷ್ಟೇ ಅಂತ ವಾರಿಜ ಹೇಳಿದ್ಲು. ಎಣಿಸ್ಕೊಳ್ಳಿ."

ಎಣಿಸಿದೆ. ಸರಿಯಿತ್ತು. ಅದನ್ನು ಅವಳ ಕಡೆಗೆ ಹಿಂದಕ್ಕೆ ಸರಿಸಿದೆ.

"ಧರ್ಮಕ್ಕೆ ಬೇಡ ಭಾವ," ಎನ್ನುವಾಗ ಅವಳ ದನಿ ಬಿರುಸಾಯಿತು. "ನಾನು ಹಾಗೆ ತಗೊಳ್ಳೋಳಲ್ಲ."

"ಧರ್ಮವಲ್ಲ. ಎರಡು ವರ್ಷದಲ್ಲಿ ನೀನು ಹನ್ನೊಂದು ಚಾಕಿ ಕಟ್ಟಿದ್ದೀಯೆ. ಹನ್ನೊಂದರಲ್ಲಿಯೂ ನಾನು ನಿನ್ನ ಒಲೆಗಳ ಕಾವಿನಲ್ಲಿ ಮಲಗಿದ್ದೇನೆ. ನಾನು ನಿನಗೆ ಹನ್ನೊಂದು ಚಾಕಿಯ ಕಾವು ಕೊಡಬೇಕು."

"ಅಯ್ಯೋ, ಮೂರು ಮಡಕೆ ನೀರಿನ ಒಲೆ ಎಲ್ಲಿ, ನಿಮ್ಮ ಈ ರಾಕ್ಷಸ ಎಲ್ಲಿ!"

"ಅದಕ್ಕಾಗಿ ಅರ್ಧ ಹಿಡಿಯುತ್ತೇನೆ. ಐದೂವರೆ."

"ಕಾಲು ಭಾಗ ಹಿಡಿಯಿರಿ. ಬೇಸಿಗೆಯಲ್ಲಿ ಬೆವರಿದ್ರಲ್ಲ, ಅದನ್ನೂ ಸಾಲ ಅಂತೀರಾ?"

"ಬೆವರಿಗೆ ರಿಯಾಯಿತಿ ಇಲ್ಲ. ಐದೂವರೆ."

ಖಲಂದರ್ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದ. "ಸಾಲ ಕೊಟ್ಟೋರು ಕಮ್ಮಿ ಅನ್ನೋದು, ತಗೊಂಡೋರು ಜಾಸ್ತಿ ಅನ್ನೋದು! ಏನ್ ಊರಮ್ಮ ಇದು," ಎಂದು ವಾರಿಜಳನ್ನು ಕೇಳಿದ.

"ನೀವು ಸುಮ್ನಿರಿ. ದೊಡ್ಡದೂ ಇಲ್ಲೇ ಇರುತ್ತೆ, ಚಿಕ್ಕದೂ ಇಲ್ಲೇ ಇರುತ್ತೆ. ಮೂವತ್ತೇಳು ಸಾವಿರದ ಇನ್ನೂರು ತಾನೆ? ಐನೂರು ಬಿಟ್ಟುಕೊಡಿ," ಎಂದು ವಾರಿಜ ಅವನ ಜತೆ ಬೇರೆಯೇ ಚೌಕಾಸಿಗೆ ಇಳಿದಳು. ದೊಡ್ಡದು ಚಾಕಿಯ ದಿನಗಳಲ್ಲಿ ಮಾತ್ರ ಓಡಬೇಕು, ನನ್ನ ಸಾಲ ತೀರಿದ ಮೇಲೆ ಅದರ ನಷ್ಟವನ್ನು ಚಿಕ್ಕತಾಯಮ್ಮ ಕೊಡಬೇಕು, ಲಾಭ ಬಂದರೆ ಅದು ತನಗೆ. ಅವರಿಬ್ಬರೂ ಇದನ್ನು ಯಾವಾಗಲೋ ಮಾತಾಡಿಕೊಂಡಿದ್ದರು. ಲೆಕ್ಕ ಸರಿಯಾಗಿತ್ತು. ನನ್ನನ್ನು ಕೇಳಿರಲಿಲ್ಲ.

ಚಿಕ್ಕತಾಯಮ್ಮ ಬೆರಳು ಮಡಚಿದಳು. "ಸರಿ ಭಾವ. ಐದೂವರೆ. ಇದೊಂದು ಕಳೆದ್ರೆ ನಾಲ್ಕೂವರೆ."

"ನಾಲ್ಕೂವರೆ," ಎಂದೆ.

"ಅರ್ಧ ಚಾಕಿ ಹೆಂಗೆ ತೀರಿಸ್ತೀರಿ ಮಾವ?" ಎಂದು ವಾರಿಜ ಅಲ್ಲಿಂದಲೇ ಕೇಳಿದಳು. "ಮೊದಲನೇ ಜ್ವರ ಮುಗೀತಿದ್ದ ಹಾಗೆ ಸ್ವಿಚ್ ಆರಿಸಿ ಎದ್ದು ಹೋಗ್ತೀರಾ?"

ಚಿಕ್ಕತಾಯಮ್ಮ ನನ್ನ ಮುಖ ನೋಡಿದಳು. ನಾನು ಆ ಪ್ರಶ್ನೆಯನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದೆ. ಮುಂದಿನ ನಾಲ್ಕನ್ನು ತೀರಿಸಬಹುದಿತ್ತು. ಐದನೆಯದನ್ನು ಅರ್ಧಕ್ಕೆ ನಿಲ್ಲಿಸಿದರೆ ಹುಳು ಸಾಯುತ್ತದೆ. ಪೂರ್ತಿ ನಡೆಸಿದರೆ ಅವಳು ನನಗೆ ಅರ್ಧ ಕೊಡಬೇಕಾಗುತ್ತದೆ, ಅದನ್ನು ಅವಳೂ ಹಾಗೆಯೇ ತೀರಿಸಲಾರಳು. ಮೂವತ್ತೊಂದು ವರ್ಷ ನಾನು ತಾಳೆಯಾಗದೆ ಬಾಕಿ ಉಳಿದ ಯಾವ ಲೆಕ್ಕಕ್ಕೂ ರುಜು ಹಾಕಿದವನಲ್ಲ.

"ಆ ಅರ್ಧ ನನ್ನ ಹೆಸರಿನಲ್ಲಿ ಬಾಕಿ ಇರಲಿ," ಎಂದೆ.

ಅವಳು ಹಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ತಟ್ಟೆ ತೊಳೆಯಲು ಹೋದಳು.